ಶಿರಾಜಿನ ಕುರಾನ್ ದರ್ವಾಜೆ: ಹತ್ತು ನಿಮಿಷಕ್ಕೆ ಮುಗಿಯದ ಬಾಗಿಲು

ಇರಾನಿನ ಶಿರಾಜ್ ನಗರವನ್ನು ಈಶಾನ್ಯದ ಕಡೆಯಿಂದ ಸೇರುವ ರಸ್ತೆ, ಊರಿಗೆ ಇಳಿಯುವ ಮೊದಲು, ಬಾಬಾ ಕೂಹಿ ಮತ್ತು ಚೆಹೆಲ್ ಮಕಾಮ್ ಎಂಬ ಎರಡು ಬೋಳುಗುಡ್ಡಗಳ ನಡುವಿನ ಕಿರಿದಾದ ಕಣಿವೆಯೊಂದನ್ನು ಹಾಯುತ್ತದೆ. ಕಣಿವೆಯ ಹೆಸರು ತಂಗೆ ಅಲ್ಲಾಹು ಅಕ್ಬರ್. ಇಸ್ಫಹಾನಿನ ಕಡೆಯಿಂದ ದಿನಗಟ್ಟಲೆ ಒಣನೆಲದಲ್ಲಿ ನಡೆದುಬಂದ ಪ್ರಯಾಣಿಕರು ಈ ತಿರುವಿನಲ್ಲಿ ಮೊದಲ ಬಾರಿಗೆ ಶಿರಾಜಿನ ತೋಟಗಳನ್ನು ಕಂಡು, ದೇವರು ದೊಡ್ಡವನೆಂದು ಉದ್ಗರಿಸುತ್ತಿದ್ದರು, ಆದ್ದರಿಂದ ಆ ಹೆಸರು ಬಂತು ಎಂದು ಊರವರು ಹೇಳುತ್ತಾರೆ. ಆ ಕಣಿವೆಯ ಬಾಯಲ್ಲಿ ನಿಂತಿರುವ ಕುರಾನ್ ದರ್ವಾಜೆಯನ್ನು ನಾನು ಮತ್ತು ನನ್ನ ತಮ್ಮ 2023ರ ನವೆಂಬರ್‌ನಲ್ಲಿ ಎರಡು ಸಲ ನೋಡಿದೆವು. ಮೊದಲ ಸಲ ಒಂದು ಪ್ರವಾಸ ಸಂಸ್ಥೆಯ ವಾಹನದಲ್ಲಿ ಹೋದೆವು, ಎರಡನೆಯ ಸಲ ನಮ್ಮಷ್ಟಕ್ಕೆ ನಾವೇ ಹೋಗಿ ಅದನ್ನು ಕಾಲ್ನಡಿಗೆಯಲ್ಲಿ ಹಾದೆವು. ಎರಡು ಭೇಟಿಗಳಿಗೂ ಅಜಗಜಾಂತರವಿತ್ತು. ಮುಂದೆ ಅಲ್ಲಿಗೆ ಹೋಗುವ ಕನ್ನಡಿಗರಿಗೆ ಅದು ತಿಳಿದಿರಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪ್ರವಾಸ ಸಂಸ್ಥೆಯ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಅರ್ಧ ದಿನದ ನಗರದರ್ಶನದ ಪಟ್ಟಿಯಲ್ಲಿ ಕುರಾನ್ ದರ್ವಾಜೆಯೇ ಮೊದಲನೆಯ ಸ್ಥಳವಾಗಿತ್ತು. ವಾಹನ ರಸ್ತೆಯ ಅಂಚಿಗೆ ನಿಂತಿತು, ಹತ್ತು ನಿಮಿಷವಿದೆ, ಫೋಟೊ ತೆಗೆದುಕೊಳ್ಳಿ ಎಂದರು, ಎಲ್ಲರೂ ಎದುರುಬದಿಯಿಂದಲೇ ಫೋಟೊ ತೆಗೆದುಕೊಂಡು ಮತ್ತೆ ಹತ್ತಿ ಕುಳಿತೆವು. ಕಮಾನಿನ ಕೆಳಗೆ ಹಾದುಹೋಗುವಷ್ಟು ಹೊತ್ತೂ ಸಿಗಲಿಲ್ಲ. ಇದಕ್ಕಿಂತ ನನಗೆ ಹೆಚ್ಚು ಬೇಸರ ತಂದದ್ದು ಮಾರ್ಗದರ್ಶಿಯ ಒಂದೇ ವಾಕ್ಯದ ವಿವರಣೆ. ಇದು ಸಾವಿರ ವರ್ಷ ಹಳೆಯ ಬಾಗಿಲು ಎಂದು ಅವರು ಹೇಳಿದರು. ಈ ಜಾಗದ ಬಾಗಿಲಿನ ಕಥೆಗೆ ಸಾವಿರ ವರ್ಷವಾಗಿರುವುದು ನಿಜ, ಆದರೆ ಕಣ್ಣಿಗೆ ಕಾಣುವ ಕಟ್ಟಡ 1949ರದು. ಇದನ್ನು ಮುಚ್ಚಿಟ್ಟರೆ ದರ್ವಾಜೆಯ ಗೌರವ ಹೆಚ್ಚುವುದಿಲ್ಲ, ಬದಲಿಗೆ ಅದರ ಅತ್ಯಂತ ಸ್ವಾರಸ್ಯವಾದ ಭಾಗವೇ ಪ್ರವಾಸಿಗರ ಕೈತಪ್ಪುತ್ತದೆ. ವಾಹನ ಚೊಕ್ಕಟವಾಗಿತ್ತು, ಚಾಲಕರು ಸೌಜನ್ಯದಿಂದ ನಡೆದುಕೊಂಡರು. ಆದರೂ ಆ ಸೇವೆಗೆ ಐದರಲ್ಲಿ ಒಂದೂವರೆಗಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸಾಗುತ್ತಿಲ್ಲ. ಶಿರಾಜಿನಿಂದ ಪರ್ಸೆಪೊಲಿಸ್‌ಗೆ, ಅಂದರೆ ಇರಾನಿನವರು ತಖ್ತೆ ಜಮ್ಶೀದ್ ಎಂದು ಕರೆಯುವ ಅವಶೇಷಗಳಿಗೆ ಹೋಗುವ ವಾಹನಗಳೂ ಇದೇ ಕಣಿವೆಯಲ್ಲಿ ಸಾಗುವುದರಿಂದ, ಬಹುಪಾಲು ಪ್ರವಾಸಿಗರು ದರ್ವಾಜೆಯನ್ನು ಕಿಟಕಿಯಿಂದಷ್ಟೇ ನೋಡಿ ಮುಂದೆ ಸಾಗುತ್ತಾರೆ.

ಈಗ ದರ್ವಾಜೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮೊದಲು ಬಾಗಿಲು ಕಟ್ಟಿಸಿದವನು ಹತ್ತನೆಯ ಶತಮಾನದಲ್ಲಿ ಫಾರ್ಸ್ ಪ್ರಾಂತ್ಯವನ್ನು ಆಳಿದ ಬುಯಿದ್ ವಂಶದ ಅದುದ್ ಅಲ್ ದೌಲಾ ಎಂಬುದು ಪರಂಪರೆಯ ಮಾತು. ಊರು ಬಿಡುವವರೂ ಊರು ಸೇರುವವರೂ ಕುರಾನಿನ ಕೆಳಗೆ ಹಾದುಹೋಗಿ ಅದರ ರಕ್ಷಣೆ ಪಡೆಯಲೆಂದು ಬಾಗಿಲಿನ ಮೇಲೆ ಒಂದು ಕುರಾನ್ ಪ್ರತಿಯನ್ನು ಇರಿಸಲಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಶಿರಾಜನ್ನು ರಾಜಧಾನಿಯಾಗಿ ಮಾಡಿಕೊಂಡ ಕರೀಂ ಖಾನ್ ಜಂದ್, ಶಿಥಿಲವಾಗಿದ್ದ ಬಾಗಿಲನ್ನು ದುರಸ್ತಿ ಮಾಡಿಸಿ, ಅದರ ಮೇಲೆ ಒಂದು ಕೋಣೆಯನ್ನು ಕಟ್ಟಿಸಿ, ಅಲ್ಲಿ ಎರಡು ಬೃಹತ್ ಹಸ್ತಪ್ರತಿಗಳನ್ನು ಇರಿಸಿದ. ಅವನ್ನು ಬರೆದವನು ತೈಮೂರನ ಮೊಮ್ಮಗ, ಶಾಹ್ ರುಖನ ಮಗ, ಹದಿನೈದನೆಯ ಶತಮಾನದ ಆರಂಭದಲ್ಲಿ ಇದೇ ಪ್ರಾಂತ್ಯದ ಅಧಿಪತಿಯಾಗಿದ್ದ ಇಬ್ರಾಹಿಂ ಸುಲ್ತಾನ್ ಎಂದು ಹೇಳಲಾಗುತ್ತದೆ. ಜಂದ್ ವಂಶದ ನಂತರ ಇರಾನನ್ನು ಆಳಿದ ಕಜಾರರ ಕಾಲದ ಭೂಕಂಪಗಳಲ್ಲಿ ಕಟ್ಟಡಕ್ಕೆ ಪೆಟ್ಟಾಯಿತು, ಮತ್ತೆ ದುರಸ್ತಿಯಾಯಿತು. ಭೂಕಂಪಗಳಿಗೂ ಬಗ್ಗದ ಬಾಗಿಲನ್ನು ಕೊನೆಗೆ ಕೆಡವಿದ್ದು ಮೋಟಾರು ರಸ್ತೆ. 1936ರಲ್ಲಿ ರಸ್ತೆ ಅಗಲ ಮಾಡಲು ಅದನ್ನು ತೆಗೆದುಹಾಕಲಾಯಿತು. ಹದಿಮೂರು ವರ್ಷ ಕಣಿವೆಯ ಬಾಯಿ ಬರಿದಾಗಿಯೇ ಇತ್ತು. 1949ರಲ್ಲಿ ಹುಸೇನ್ ಈಗಾರ್ ಎಂಬ ಶಿರಾಜಿನ ವ್ಯಾಪಾರಿ ಮುಂದೆ ಬಂದು, ಹಳೆಯ ಜಾಗದಿಂದ ತುಸು ಆಚೆಗೆ, ಈಗಿರುವ ದರ್ವಾಜೆಯನ್ನು ಕಟ್ಟಿಸಿದರು.

ಅರಸರು ಕಟ್ಟಿಸಿದ ಬಾಗಿಲುಗಳನ್ನು ನಾವು ಎಲ್ಲ ಕಡೆ ನೋಡುತ್ತೇವೆ. ಕೋಟೆಯೂ ಇಲ್ಲದ, ಕಾವಲೂ ಬೇಡದ, ಸುಂಕವನ್ನೂ ವಸೂಲು ಮಾಡಬೇಕಿಲ್ಲದ ಕಾಲದಲ್ಲಿ ಊರಿನ ವರ್ತಕರೊಬ್ಬರು ಊರಿಗೊಂದು ಬಾಗಿಲು ಇರಲೇಬೇಕೆಂದು ಕಟ್ಟಿಸಿಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾರ್ಗದರ್ಶಿ ಹೇಳಬೇಕಾಗಿದ್ದ ಸಂಗತಿ ಇದು.

ಆ ಎರಡು ಹಸ್ತಪ್ರತಿಗಳನ್ನು ಇರಾನಿನವರು ಹೆಫ್ದಾಹ್ ಮನ್ ಕುರಾನ್ ಎಂದು ಕರೆಯುತ್ತಾರೆ. ಹೆಫ್ದಾಹ್ ಎಂದರೆ ಹದಿನೇಳು. ಮನ್ ಎಂದರೆ ನಮ್ಮ ಮಣವೇ. ಇದನ್ನು ಕೇಳಿದ ಕೂಡಲೇ ನನ್ನ ತಮ್ಮ, "ಅಕ್ಕಾ, ಹದಿನೇಳು ಮಣ ಅಂದ್ರ ಅದನ್ನ ಮ್ಯಾಲ ಹ್ಯಾಂಗ ಏರಿಸಿದ್ರು?" ಎಂದು ಕೇಳಿದ. ಇರಾನಿನ ಮಣ ನಮ್ಮ ಮಣಕ್ಕಿಂತ ಬಹಳ ಚಿಕ್ಕದು, ತಬ್ರೀಜಿನ ಮಣವೆಂದರೆ ಸುಮಾರು 3 ಕಿಲೋಗ್ರಾಂ. ಆ ಲೆಕ್ಕದಲ್ಲಿ ಹಿಡಿದರೂ ಐವತ್ತು ಕಿಲೋ ತೂಗುವ ಪುಸ್ತಕವನ್ನು ಕಮಾನಿನ ನೆತ್ತಿಗೆ ಏರಿಸಿದ್ದರೆಂದಾಗುತ್ತದೆ. 1936ರಲ್ಲಿ ಬಾಗಿಲು ಕೆಡವಿದಾಗ ಅವನ್ನು ಪಾರ್ಸ್ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು, ಇಂದಿಗೂ ಅಲ್ಲಿಯೇ ಇವೆ. ಆ ಸಂಗ್ರಹಾಲಯ ಕರೀಂ ಖಾನನೇ ಕಟ್ಟಿಸಿದ ಎಂಟು ಮೂಲೆಯ ಮಂಟಪ; ಊರಿನ ನಡುವೆ ತೋಟವೊಂದರಲ್ಲಿದೆ. ದರ್ವಾಜೆಯನ್ನು ನೋಡಿದವರು ಅಲ್ಲಿಗೂ ಹೋಗಬೇಕು. ಬಾಗಿಲು ಒಂದು ಕಡೆ, ಬಾಗಿಲಿಗೆ ಹೆಸರು ಕೊಟ್ಟ ಗ್ರಂಥ ಇನ್ನೊಂದು ಕಡೆ ಇರುವುದರಿಂದ, ಒಂದನ್ನಷ್ಟೇ ನೋಡಿದವರ ಭೇಟಿ ಅರ್ಧವಾಗಿಯೇ ಉಳಿಯುತ್ತದೆ.

ಕಟ್ಟಡದ ರಚನೆ ಸರಳವಾದದ್ದು. ನಡುವೆ ಒಂದು ಎತ್ತರದ ಚೂಪುಗಮಾನು, ಎರಡು ಬದಿಗೂ ಅದಕ್ಕಿಂತ ಚಿಕ್ಕ ಕಮಾನುಗಳು, ಮೇಲೆ ಕೋಣೆ. ಕಮಾನು ಎಂಬ ಮಾತು ನಮಗೆ ಪಾರಸಿಯಿಂದಲೇ ಬಂದಿದೆ, ಅಲ್ಲಿ ಅದರ ಅರ್ಥ ಬಿಲ್ಲು; ಈ ಬಾಗಿಲಿನ ಎದುರು ನಿಂತಾಗ ಆ ಹೆಸರು ಎಷ್ಟು ಸರಿಯಾಗಿದೆ ಎಂಬುದು ತಿಳಿಯುತ್ತದೆ, ಏಕೆಂದರೆ ಎರಡು ಕಡೆಯ ಗೆರೆಗಳು ಬಾಗಿದ ಬಿಲ್ಲಿನಂತೆಯೇ ಮೇಲೇರಿ ತುದಿಯಲ್ಲಿ ಸೇರುತ್ತವೆ. ಹೂಬಳ್ಳಿಯ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿನ ಟೈಲ್ಸ್ ಕೆಲಸ ಮಿತವಾಗಿ ಕಾಣಬಹುದು. ಇಲ್ಲಿ ಮುಖ್ಯವಾದದ್ದು ಚಿತ್ರವಲ್ಲ, ಬರಹ. ಮೆರುಗಿನ ಬಿಲ್ಲೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಕುರಾನಿನ ವಾಕ್ಯಗಳಿವೆ, ಹೆಸರಿಗೆ ತಕ್ಕಂತೆ ಇದು ಓದಲೆಂದೇ ಕಟ್ಟಿದ ಬಾಗಿಲು. ಅರಬ್ಬಿ ಓದಲು ಬಾರದವರೂ ಅಕ್ಷರಗಳ ನಿಲುವನ್ನು ಗಮನಿಸಬಹುದು. ನೆಟ್ಟಗೆ ನಿಂತ ಗೆರೆಗಳು ಒಂದರ ಪಕ್ಕ ಒಂದು ಸಾಲುಗಟ್ಟಿವೆ, ಅವುಗಳ ಬುಡದಲ್ಲಿ ಬಾಗಿದ ಗೆರೆಗಳು ಒಂದನ್ನೊಂದು ಹಾಯುತ್ತವೆ. ದೂರದಿಂದ ಇವೆಲ್ಲ ಕೂಡಿ ಒಂದೇ ಪಟ್ಟಿಯಂತೆ ಕಾಣುತ್ತವೆ, ಹತ್ತಿರ ಬಂದಾಗ ಒಂದೊಂದೂ ಬಿಡಿಯಾಗಿ ತೋರುತ್ತದೆ.

ಬೀದರ್ ಮತ್ತು ಕಲಬುರಗಿಯ ಕಡೆಯವರಿಗೆ ಈ ಬರಹ ಅಪರಿಚಿತವಲ್ಲ. ಬೀದರಿನ ಹೊರಗೆ ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿಯನ್ನು, ಅಂದರೆ ಹಜರತ್ ಖಲೀಲುಲ್ಲಾರ ಸಮಾಧಿಯನ್ನು ನೋಡಿದವರು ಅದರ ಬಾಗಿಲಿನ ಸುತ್ತ ಕಪ್ಪುಕಲ್ಲಿನಲ್ಲಿ ಕೊರೆದ ಬರಹವನ್ನು ಮರೆತಿರಲಾರರು. ಅದನ್ನು ಬರೆದ ಲಿಪಿಕಾರ ಮುಗೀಸ್ ಅಲ್ ಕಾರಿ ಅಲ್ ಶಿರಾಜಿ. ಹೆಸರೇ ಹೇಳುವಂತೆ ಆತನ ಮೂಲ ಈ ಊರು. ಶಿರಾಜಿನ ಬಾಗಿಲಿನ ಮುಂದೆ ನಿಂತಾಗ ನನಗೆ ಮೊದಲು ನೆನಪಾದದ್ದು ಅವನೇ. ಬೀದರಿನಲ್ಲೇ ಇರುವ ಮಹಮೂದ್ ಗವಾನನ ಮದರಸಾ 1472ರದು. ಅದನ್ನು ಕಟ್ಟಿಸಿದ ಗವಾನ್ ಇರಾನಿನ ಗೀಲಾನಿನವನು. ಉಳಿದಿರುವ ಮಿನಾರಿನ ಮೇಲಿನ ಅಂಕುಡೊಂಕು ಪಟ್ಟೆಗಳನ್ನೂ ಮುಂಭಾಗದ ನೀಲಿ ಹಳದಿ ಬಿಲ್ಲೆಗಳನ್ನೂ ಬಾಲ್ಯದಿಂದ ನೋಡಿರುವ ನನಗೆ, ಶಿರಾಜಿಗೆ ಬಂದ ಮೇಲೆ ಆ ಕೆಲಸದ ಎರಡು ಬಗೆಗಳ ವ್ಯತ್ಯಾಸ ಸ್ಪಷ್ಟವಾಯಿತು.

ಒಂದು ಬಗೆ ಮೊಅರ್ರಕ್. ಪ್ರತಿ ಬಣ್ಣದ ಬಿಲ್ಲೆಯನ್ನೂ ಆ ಬಣ್ಣಕ್ಕೆ ಬೇಕಾದ ಕಾವಿನಲ್ಲಿ ಬೇರೆ ಬೇರೆಯಾಗಿ ಸುಟ್ಟು, ಉಳಿಯಿಂದ ಎಲೆ, ಹೂವು, ಅಕ್ಷರಗಳ ಆಕಾರಕ್ಕೆ ಕತ್ತರಿಸಿ, ನಕ್ಷೆಯ ಮೇಲೆ ಮುಖ ಕೆಳಗಾಗಿ ಜೋಡಿಸಿ, ಹಿಂದಿನಿಂದ ಗಾರೆ ಸುರಿದು, ಗಟ್ಟಿಯಾದ ಮೇಲೆ ಇಡೀ ಹಲಗೆಯನ್ನು ಗೋಡೆಗೆ ಏರಿಸುತ್ತಾರೆ. ಇನ್ನೊಂದು ಬಗೆ ಹಫ್ತ್ ರಂಗ್, ಏಳು ಬಣ್ಣ. ಕಲಬುರಗಿಯ ಹಫ್ತ್ ಗುಂಬಜ್ ಬಲ್ಲವರಿಗೆ ಹಫ್ತ್ ಎಂದರೇನೆಂದು ಹೇಳಬೇಕಿಲ್ಲ. ಇದರಲ್ಲಿ ಚೌಕ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ಎಲ್ಲದರ ಮೇಲೂ ಹಾಯುವಂತೆ ಒಂದೇ ಚಿತ್ರ ಬರೆದು, ಒಂದು ಬಣ್ಣ ಇನ್ನೊಂದರೊಳಗೆ ಹರಿಯದಂತೆ ಜಿಡ್ಡು ಬೆರೆಸಿದ ಕಪ್ಪು ಗೆರೆ ಎಳೆದು, ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸುಡುತ್ತಾರೆ. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಕೈಕೆಲಸ ಬೇಕು, ಆದರೆ ಬಣ್ಣದ ಆಳ ಹೆಚ್ಚು. ಎರಡನೆಯದು ಬೇಗ ಮುಗಿಯುತ್ತದೆ, ದೊಡ್ಡ ಗೋಡೆಗಳಿಗೆ ಒಗ್ಗುತ್ತದೆ, ಚಿತ್ರಕಾರನ ಕೈಗೆ ಸಲಿಗೆ ಕೊಡುತ್ತದೆ. ಈ ಕಲೆಯನ್ನು ತೃಪ್ತಿಯಾಗುವಷ್ಟು ನೋಡಬೇಕೆಂದು ಶಿರಾಜಿಗೆ ಹೋಗುವವರು ಕುರಾನ್ ದರ್ವಾಜೆಯೊಂದನ್ನೇ ನಂಬಬಾರದು. ಹಫ್ತ್ ರಂಗ್ ಬೇಕಾದವರು ವಕೀಲ್ ಮಸೀದಿಗೂ, 1876 ಮತ್ತು 1888ರ ನಡುವೆ ಕಟ್ಟಿದ ನಾಸಿರ್ ಅಲ್ ಮುಲ್ಕ್ ಮಸೀದಿಗೂ ಹೋಗಬೇಕು. ಶಿರಾಜಿನ ಗುರುತಾದ ಗುಲಾಬಿ ಬಣ್ಣದ ಹೂಗಳು ಅಲ್ಲಿ ಗೋಡೆ ತುಂಬ ಇವೆ. ಕರೀಂ ಖಾನನ ಕೋಟೆಯ ಬಾಗಿಲಿನ ಮೇಲೆ ಪಾರಸಿ ಮಹಾಕಾವ್ಯ ಶಾಹನಾಮೆಯ ವೀರ ರುಸ್ತುಮನು ಬಿಳಿ ರಾಕ್ಷಸನನ್ನು ಕೊಲ್ಲುವ ಕಜಾರರ ಕಾಲದ ಟೈಲ್ಸ್ ಚಿತ್ರವಿದೆ, ಬಾಗಿಲಿನ ಅಲಂಕಾರವಾಗಿ ಅದು ಇದಕ್ಕಿಂತ ಹೆಚ್ಚು ಕಣ್ಸೆಳೆಯುತ್ತದೆ. ಮೊಅರ್ರಕ್ ನೋಡಬೇಕಾದವರು ಪಾರಸಿ ಕವಿ ಹಾಫಿಜನ ಸಮಾಧಿಯ ಮೇಲಿನ ತಾಮ್ರದ ಗುಮ್ಮಟದ ಕೆಳಗೆ ನಿಂತು ತಲೆ ಎತ್ತಬೇಕು.

ಹಾಗಿದ್ದರೆ ಕುರಾನ್ ದರ್ವಾಜೆಗೆ ಮತ್ತೆ ಹೋಗಬೇಕೆಂದು ನನಗೇಕೆ ಅನಿಸಿತು? ಬಾಗಿಲನ್ನು ಎದುರಿನಿಂದ ನೋಡಿದರೆ ಅದು ಗೋಡೆ, ಹಾದುಹೋದಾಗಲೇ ಬಾಗಿಲು. ಇರಾನಿನಲ್ಲಿ ಮನೆಯಿಂದ ಯಾರಾದರೂ ದೂರ ಪ್ರಯಾಣ ಹೊರಟಾಗ ಹೊಸ್ತಿಲಲ್ಲಿ ಹಿರಿಯರು ಕುರಾನನ್ನು ಎತ್ತಿ ಹಿಡಿಯುತ್ತಾರೆ, ಹೊರಡುವವರು ಅದರ ಕೆಳಗೆ ಹಾದು ಹೊರಬರುತ್ತಾರೆ, ಅವರ ಹಿಂದೆ ಬೋಗುಣಿಯಿಂದ ನೀರು ಚೆಲ್ಲುತ್ತಾರೆ, ನೀರು ಹರಿದಷ್ಟು ಸಲೀಸಾಗಿ ಹೋಗಿ ಬೇಗ ಬರಲಿ ಎಂದು. ಒಂದು ಮನೆಯವರು ತಮ್ಮವರಿಗೆ ಮಾಡುವುದನ್ನು ಈ ಊರು ಬಂದುಹೋಗುವ ಎಲ್ಲರಿಗೂ ಮಾಡುತ್ತ ಬಂದಿದೆ. ಆದ್ದರಿಂದ ಮರುದಿನ ಬೆಳಿಗ್ಗೆ ನಾವು ಟ್ಯಾಕ್ಸಿ ಹಿಡಿದು ದರ್ವಾಜೆಯನ್ನು ದಾಟಿ ಕಣಿವೆಯೊಳಗೆ ಇಳಿದುಕೊಂಡು, ಅಲ್ಲಿಂದ ಊರಿನ ಕಡೆಗೆ ಮುಖ ಮಾಡಿ ನಡೆದೆವು. ಗುಡ್ಡಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ, ಅವುಗಳ ನಡುವೆ ಕಮಾನು ಸಣ್ಣದಾಗಿ ಕಾಣತೊಡಗುತ್ತದೆ, ಹತ್ತಿರವಾದಂತೆ ಅದರೊಳಗಿನ ಬೆಳಕಿನಲ್ಲಿ ಮರಗಳು, ಆಮೇಲೆ ಮನೆಗಳು ಮೂಡುತ್ತವೆ. ಕಮಾನಿನ ಕೆಳಗಿನ ನೆರಳಿನಲ್ಲಿ ನಾಲ್ಕಾರು ಹೆಜ್ಜೆ ಹಾಕಿ ಆಚೆ ಬಂದಾಗ ಶಿರಾಜ್ ಎದುರಿಗಿರುತ್ತದೆ. ಹಿಂದಿನ ದಿನ ರಸ್ತೆಯಂಚಿನಿಂದ ಕಂಡದ್ದು ಇದೇ ಕಟ್ಟಡ ಎಂದು ನಂಬುವುದು ಕಷ್ಟವಾಯಿತು.

ಕಲಬುರಗಿಯವಳಾದ ನನಗೆ ಈ ಊರಿನೊಂದಿಗೆ ಇನ್ನೊಂದು ಲೆಕ್ಕವೂ ಇತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕಲಬುರಗಿಯ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾಹನ ಆಸ್ಥಾನದಿಂದ ಹಾಫಿಜನಿಗೆ ಆಹ್ವಾನ ಹೋಗಿತ್ತು, ದಾರಿಯ ಖರ್ಚಿಗೆ ಹಣವನ್ನೂ ಕಳುಹಿಸಲಾಗಿತ್ತು. ಕವಿ ಹೊರಟ, ಹೊರ್ಮುಜ್ ರೇವಿನಲ್ಲಿ ಹಡಗನ್ನೂ ಹತ್ತಿದ. ಅಷ್ಟರಲ್ಲಿ ಬಿರುಗಾಳಿ ಎದ್ದಿತು, ಗೆಳೆಯರಿಗೆ ವಿದಾಯ ಹೇಳಿ ಬರುತ್ತೇನೆಂದು ಕೆಳಗಿಳಿದವನು ಒಂದು ಗಜಲನ್ನು ಬರೆದು ಕಳುಹಿಸಿ ಶಿರಾಜಿಗೆ ಮರಳಿದ. ಈ ಪ್ರಸಂಗವನ್ನು ದಾಖಲಿಸಿದ ಇತಿಹಾಸಕಾರ ಫಿರಿಷ್ತಾ ಬರೆದದ್ದು ನಮ್ಮ ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಹೊರ್ಮುಜಿಗೆ ಹೋಗುವ ದಾರಿ ದಕ್ಷಿಣದ ಕಡೆಗಿರುವುದರಿಂದ ಹಾಫಿಜ್ ನಮ್ಮೂರಿಗೆಂದು ಹೊರಟಾಗ ಈ ಕಣಿವೆಯನ್ನು ಹಾಯ್ದಿರಲಾರ. ಆದರೆ ಈ ಕಣಿವೆ ಅವನ ಕವಿತೆಯಲ್ಲಿದೆ. ಚಿರಂಜೀವಿಯೆಂದು ಐತಿಹ್ಯ ಹೇಳುವ ಖಿಜ್ರನ ಅಮೃತಜಲಕ್ಕೆ ಕತ್ತಲೆಯೇ ನೆಲೆ, ನಮ್ಮ ನೀರಿನ ಮೂಲವಾದರೋ ಅಲ್ಲಾಹು ಅಕ್ಬರ್ ಎಂದು ಅವನು ಹೇಳುವಾಗ, ಆ ನೀರು ಈ ಕಣಿವೆಯಿಂದ ಇಳಿದು ಬರುವ ರುಕ್ನಾಬಾದ್ ಕಾಲುವೆಯದು. ಅದುದ್ ಅಲ್ ದೌಲಾನ ತಂದೆ ರುಕ್ನ್ ಅಲ್ ದೌಲಾ ಹತ್ತನೆಯ ಶತಮಾನದಲ್ಲಿ ತೋಡಿಸಿದ ಕಾಲುವೆ ಅದು.

ಆ ನೀರನ್ನು ಹುಡುಕಿಕೊಂಡು ದರ್ವಾಜೆಯ ಪಕ್ಕದ ಮೆಟ್ಟಿಲುಗಳನ್ನು ಹತ್ತಿದರೆ ಖ್ವಾಜು ಕಿರ್ಮಾನಿಯ ಸಮಾಧಿ ಸಿಗುತ್ತದೆ. ಹಾಫಿಜನಿಗಿಂತ ಹಿರಿಯನಾದ, ಅವನ ಮೇಲೆ ಗಾಢ ಪ್ರಭಾವ ಬೀರಿದ ಕವಿ ಈತ. ಸಮಾಧಿಗೆ ಚಾವಣಿಯಿಲ್ಲ, ಸುತ್ತ ಬಂಡೆ, ಎದುರಿಗೆ ಇಡೀ ಊರು. ಬಂಡೆಯ ಮೇಲೆ ಕಜಾರ್ ಅರಸ ಫತಹ್ ಅಲಿ ಶಾಹನ ಕಾಲದ ಉಬ್ಬುಶಿಲ್ಪವೂ ಇದೆ, ಆದರೆ ಅದರ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ದರ್ವಾಜೆಯನ್ನು ಮೇಲಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೇಲಿನಿಂದ ನೋಡಿದಾಗಲೇ ಅದರ ದೊಡ್ಡ ಕುಂದೂ ಕಾಣುತ್ತದೆ. ಇಂದಿನ ಹೆದ್ದಾರಿ ದರ್ವಾಜೆಯ ಒಳಗೆ ಹಾಯುವುದಿಲ್ಲ, ಅದರ ಪಕ್ಕದಲ್ಲಿ ಹಾಯುತ್ತದೆ. ಕಟ್ಟಡದ ಸುರಕ್ಷತೆಗೆ ಇದು ಒಳ್ಳೆಯದೇ. ಆದರೆ ಊರಿಗೆ ಬರುವವರು ಯಾರೂ ಈಗ ಬಾಗಿಲಿನ ಮೂಲಕ ಬರುವುದಿಲ್ಲ. ವಾಹನಗಳ ಪ್ರವಾಹದ ಪಕ್ಕದಲ್ಲಿ ಅದು ನಡುಗಡ್ಡೆಯಂತೆ ನಿಂತಿದೆ. ಶಬ್ದ ವಿಪರೀತ. ಹಿರಿಯರು, ಮಕ್ಕಳು ಜೊತೆಗಿದ್ದರೆ ರಸ್ತೆಯನ್ನು ಬಹಳ ಎಚ್ಚರದಿಂದ ದಾಟಬೇಕು. 2019ರ ಮಾರ್ಚ್ 25ರಂದು, ಇರಾನಿನ ಹೊಸವರ್ಷವಾದ ನೌರೋಜಿನ ರಜೆಯಲ್ಲಿ ಊರು ಪ್ರವಾಸಿಗರಿಂದ ತುಂಬಿದ್ದಾಗ, ಭಾರೀ ಮಳೆಯ ನೀರು ಗುಡ್ಡಗಳಿಂದ ಇದೇ ಕಣಿವೆಗೆ ನುಗ್ಗಿ ಕಾರುಗಳನ್ನು ಒಂದರ ಮೇಲೊಂದು ಎತ್ತಿ ಹಾಕಿತು, ಇಪ್ಪತ್ತರ ಆಸುಪಾಸು ಜನ ಜೀವ ಕಳೆದುಕೊಂಡರು. ಮಳೆನೀರು ಹರಿಯುವ ಹಳೆಯ ಹಳ್ಳದ ಜಾಗವನ್ನು ರಸ್ತೆ ಆಕ್ರಮಿಸಿಕೊಂಡದ್ದೇ ಅನಾಹುತಕ್ಕೆ ಕಾರಣವೆಂದು ಆಮೇಲೆ ಬಹಳ ಚರ್ಚೆಯಾಯಿತು. ನಮ್ಮನ್ನು ಕರೆದೊಯ್ದ ಟ್ಯಾಕ್ಸಿಯವರು ಆ ದಿನದ ನೀರಿನ ಎತ್ತರವನ್ನು ಕೈಯೆತ್ತಿ ತೋರಿಸಿ, ಮತ್ತೆ ಏನೂ ಹೇಳದೆ ಗಾಡಿ ನಡೆಸಿದರು. 1936ರಲ್ಲಿ ರಸ್ತೆಗಾಗಿ ಬಾಗಿಲು ಹೋಯಿತು, ಆಮೇಲೆ ರಸ್ತೆಗಾಗಿ ಹಳ್ಳವೂ ಹೋಯಿತು. ಬೀದರಿನಲ್ಲಿ ಫತೇ ದರ್ವಾಜಾ, ಮಂಗಲಪೇಟೆ ದರ್ವಾಜಾಗಳ ಕೆಳಗೆ ಇಂದಿಗೂ ಜನ ದಿನನಿತ್ಯದ ಕೆಲಸಕ್ಕೆ ಹಾದುಹೋಗುತ್ತಾರೆ ಎಂಬುದು ಎಷ್ಟು ದೊಡ್ಡ ಭಾಗ್ಯವೆಂದು ನನಗೆ ಅಲ್ಲಿ ನಿಂತಾಗ ಅರಿವಾಯಿತು. ಅವುಗಳ ಸುತ್ತ ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ಶಿರಾಜಿನ ಈ ಅನುಭವವನ್ನು ಯಾರಾದರೂ ನೆನಪಿಸಬೇಕು.

ಈ ಎಲ್ಲ ಕುಂದುಗಳನ್ನು ಲೆಕ್ಕಕ್ಕೆ ತೆಗೆದುಕೊಂಡೂ ಕುರಾನ್ ದರ್ವಾಜೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ರಸ್ತೆಯದು, ಬಾಗಿಲಿನದಲ್ಲ. ಹೋಗುವವರು ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ, ನಗರದರ್ಶನದ ವಾಹನವನ್ನು ನೆಚ್ಚಬೇಡಿ. ಮೊದಲು ಪಾರ್ಸ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಹದಿನೇಳು ಮಣದ ಕುರಾನನ್ನು ನೋಡಿಕೊಂಡು, ಇಳಿಹೊತ್ತಿಗೆ ಕಣಿವೆಗೆ ಬನ್ನಿ. ಕಮಾನನ್ನು ಹೊರಗಿನಿಂದ ಒಳಕ್ಕೆ, ಊರಿನ ಕಡೆಗೆ ಹಾದು ಬನ್ನಿ. ಆಮೇಲೆ ಖ್ವಾಜುವಿನ ಮೆಟ್ಟಿಲುಗಳನ್ನು ಹತ್ತಿ ಕುಳಿತುಕೊಳ್ಳಿ. ಮೆಟ್ಟಿಲುಗಳು ಸವೆದಿರುವುದರಿಂದ ಜಾರದ ಪಾದರಕ್ಷೆ ಇರಲಿ. ಸಂಜೆಯಾಗುತ್ತಿದ್ದಂತೆ ದರ್ವಾಜೆಗೆ ದೀಪ ಹಾಕುತ್ತಾರೆ. ಆ ಹೊತ್ತಿಗೆ ಶಿರಾಜಿನವರು ಸಂಸಾರಸಮೇತ ಚಾಪೆ, ಚಹದ ಫ್ಲಾಸ್ಕು, ಸೂರ್ಯಕಾಂತಿ ಬೀಜದ ಪೊಟ್ಟಣ ಹಿಡಿದು ಅಲ್ಲಿಗೆ ಬರತೊಡಗುತ್ತಾರೆ. ನಮ್ಮ ಪಕ್ಕದಲ್ಲಿ ಚಾಪೆ ಹಾಸಿದ್ದ ಅಜ್ಜಿಯೊಬ್ಬರು ನಮಗೂ ಎರಡು ಲೋಟ ಚಹ ಬಗ್ಗಿಸಿಕೊಟ್ಟು ಯಾವ ಊರಿನವರೆಂದು ಕೈಸನ್ನೆಯಲ್ಲಿ ಕೇಳಿದರು. ನನ್ನ ತಮ್ಮ ಹಿಂದ್ ಎಂದ. ನಾನು ಅದಕ್ಕೆ ದಖನ್ ಎಂದು ಸೇರಿಸಿದೆ. ಅವರು ದಖನ್, ದಖನ್ ಎಂದು ಎರಡು ಸಲ ಹೇಳಿಕೊಂಡು, ದರ್ವಾಜೆಯ ಕಡೆಗೆ ಬೆರಳು ತೋರಿಸಿ, ನಾಳೆ ಹೊರಡುವಾಗ ಅದರ ಕೆಳಗೆ ಹಾದು ಹೋಗಿ ಎಂಬಂತೆ ಅಂಗೈಯನ್ನು ನಮ್ಮ ತಲೆಗಳ ಮೇಲಿನಿಂದ ಒಮ್ಮೆ ಆಡಿಸಿದರು.